ಎಷ್ಟು ಉಳೀತು, ಧಣಿ?

ಒಂಬತ್ತು ವರ್ಷದ ನನ್ನಪ್ಪನನ್ನು ಕೊಟ್ಟೂರಿಗೂ ಹರಪನಹಳ್ಳಿಗೂ ನಡುವಿನ ಒಂದೂರಿನ ಧಣಿಯ ಮನೆಯಲ್ಲಿ ಬಿಟ್ಟು ಬಂದದ್ದು 1942ರಲ್ಲಿ. ಮಗಳ ಮದುವೆಗೆಂದು ಅಜ್ಜ ಅವನಿಂದ ಅರವತ್ತು ರೂಪಾಯಿ, ಎರಡು ಚೀಲ ಜೋಳ ಸಾಲ ತಂದಿದ್ದ. ಅಪ್ಪ ಮೊದಲು ಎಮ್ಮೆ ಕಾಯ್ದ, ಸಗಣಿ ಬಾಚಿದ, ಮೀಸೆ ಮೂಡಿದ ಮೇಲೆ ಗಳೇವು ಹೊಡೆದ. ವರ್ಷಕ್ಕೊಮ್ಮೆ ಯುಗಾದಿ ಕಳೆದ ಮರುದಿನ ಅಜ್ಜ ಧಣಿಯ ಕಟ್ಟೆಯ ಕೆಳಗೆ ನಿಂತು ಒಂದೇ ಮಾತು ಕೇಳುತ್ತಿದ್ದ: "ಎಷ್ಟು ಉಳೀತು, ಧಣಿ?" ಅಜ್ಜ ಸತ್ತ ಮೇಲೆ ಅದೇ ಜಾಗದಲ್ಲಿ ನಿಂತು ಅಪ್ಪ ಕೇಳತೊಡಗಿದ. ಉತ್ತರ ಬರುತ್ತಿದ್ದುದು ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಲೆಕ್ಕದ ಪುಸ್ತಕದಿಂದ. ಜ್ವರ ಬಂದು ಮಲಗಿದ ದಿನಗಳು, ಕಳೆದುಹೋದ ಕುಡಗೋಲು, ಸತ್ತ ಕರು, ಹಬ್ಬಕ್ಕೆ ಕೊಡಿಸಿದ ಅಂಗಿ, ನನ್ನವ್ವನ ಬಾಣಂತನದ ಜೋಳ ಎಲ್ಲವೂ ಅದರೊಳಗೆ ಇರುತ್ತಿದ್ದವು. ಅಪ್ಪನೂ ಒಂದು ಲೆಕ್ಕ ಇಟ್ಟಿದ್ದ. ದನದ ಕೊಟ್ಟಿಗೆಯ ಗೋಡೆ ಮೇಲೆ ಇದ್ದಿಲಿನಿಂದ ತಿಂಗಳಿಗೊಂದು ಗೆರೆ ಎಳೆಯುತ್ತಿದ್ದ. ಯುಗಾದಿಗೆ ಗೋಡೆಗೆ ಸುಣ್ಣ ಬಳಿಯುತ್ತಿದ್ದವನೂ ಅವನೇ.

ನಾನು ಕೂಡ್ಲಿಗಿ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಮೂವತ್ತೆಂಟು ವರ್ಷ ಮೇಷ್ಟ್ರಾಗಿದ್ದೆ. 2020ರಲ್ಲಿ ನಿವೃತ್ತನಾದೆ. ಈಗ ಕರೆದ ಕಡೆಗೆ ಹೋಗುತ್ತೇನೆ. ತಾಲ್ಲೂಕು ಪಂಚಾಯಿತಿಯ ಸಾಮರ್ಥ್ಯ ಸೌಧಗಳಲ್ಲಿ ಪಿಡಿಒಗಳು, ಗ್ರಾಮ ಆಡಳಿತಾಧಿಕಾರಿಗಳು, ಅಂಗನವಾಡಿ ಕಾರ್ಯಕರ್ತೆಯರು, ಒಮ್ಮೊಮ್ಮೆ ಪೊಲೀಸರು, ಕಬ್ಬಿನ ಮೇಸ್ತ್ರಿಗಳು, ಕಾಫಿ ಎಸ್ಟೇಟಿನ ರೈಟರುಗಳು ತರಬೇತಿಗೆಂದು ಕೂತಿರುತ್ತಾರೆ. ಬಲವಂತದ ದುಡಿಮೆಯನ್ನು ಗುರುತು ಹಿಡಿಯುವುದು ಹೇಗೆ ಎಂದು ಅವರಿಗೆ ಹೇಳಬೇಕು. ನಾನು ಶುರು ಮಾಡುವುದು ಅಪ್ಪನ ಆ ಒಂದು ಪ್ರಶ್ನೆಯಿಂದ. ನಮ್ಮ ಸೀಮೆಯ ತಾಲ್ಲೂಕುಗಳಲ್ಲಿ ಜೀತದ ಚರಿತ್ರೆ ಎಂದರೆ ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತು ಎನ್ನುವುದರ ಚರಿತ್ರೆ ಎಂದೇ ನಾನು ನಂಬಿದ್ದೇನೆ.

ಮೊದಲು ನಮ್ಮ ಕಣ್ಣು ಕಟ್ಟಿದ್ದು ಮಾತು. 'ಜೀತ' ಎಂಬುದು 'ಜೀವಿತ'ದಿಂದ ಬಂದ ಶಬ್ದ. ಹಳಗನ್ನಡದಲ್ಲಿ ಅದು ಅನ್ನ, ಸಂಬಳ, ಸೇವೆಗೆ ಕೊಟ್ಟ ಜೀವನಾಧಾರ. ಒಡೆಯನ ಜೋಳ ಉಂಡವನು ಆ ಋಣಕ್ಕೆ ಪ್ರಾಣ ಕೊಡಬೇಕೆನ್ನುವ 'ಜೋಳದ ಪಾಳಿ'ಯನ್ನು ಕವಿಗಳು ಕೊಂಡಾಡಿದರು. ಯುದ್ಧದಲ್ಲಿ ಸತ್ತವನಿಗೆ ವೀರಗಲ್ಲು ನಿಂತಿತು. ಹೊಲದಲ್ಲಿ ಸವೆದವನಿಗೆ ಅದೇ ಜೋಳದ ಋಣ ಮಾತ್ರ ಉಳಿಯಿತು. 'ಬಿಟ್ಟಿ'ಯ ಕತೆಯೂ ಹೀಗೆಯೇ. 'ವಿಷ್ಟಿ' ಎಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳುವ ಕೆಲಸ. ಅದು 'ಬಿಟ್ಟಿ'ಯಾಗಿ ಶಾಸನಗಳಲ್ಲಿ ತೆರಿಗೆಗಳ ಸಾಲಿನಲ್ಲಿ ಕೂತಿದೆ. ಇವತ್ತು ಅಂಗಡಿಯಲ್ಲಿ ಒಂದು ಸೋಪಿಗೆ ಇನ್ನೊಂದು ಬಂದರೆ "ಬಿಟ್ಟಿ ಸಿಕ್ತು" ಎನ್ನುತ್ತೇವೆ. ಪಡೆದವನ ಖುಷಿಯಷ್ಟೇ ಆ ಮಾತಿನಲ್ಲಿ ಉಳಿದಿದೆ. ಮಾಡಿದವನು ಅದರೊಳಗಿಂದ ಎಂದೋ ಹೊರಬಿದ್ದ. ನಮ್ಮ ಮನೆಯಲ್ಲಂತೂ 'ಜೀತ' ಅನ್ನುವ ಮಾತೇ ಇರಲಿಲ್ಲ. ಅಪ್ಪ 'ಸಂಬಳಕ್ಕಿದ್ದ'. ಹಾಗೆಂದೇ ಎಲ್ಲರೂ ಹೇಳುತ್ತಿದ್ದರು. ಸಂಬಳವನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ.

ಕಾನೂನುಗಳು ಇರಲಿಲ್ಲವೇ ಎಂದರೆ, ಇದ್ದವು. ಈ ಸೀಮೆ 1800ರಿಂದ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಗುಲಾಮಗಿರಿಯನ್ನು ಕೋರ್ಟುಗಳು ಮಾನ್ಯ ಮಾಡಬಾರದು ಎಂಬ ಕಾಯ್ದೆ 1843ರಲ್ಲೇ ಬಂತು. ಆದರೆ ಹದಿನಾರು ವರ್ಷಗಳಾಚೆ, 1859ರಲ್ಲಿ, ಇನ್ನೊಂದು ಕಾಯ್ದೆ ಬಂತು. ಮುಂಗಡ ಹಣ ಪಡೆದ ಕೆಲಸಗಾರ ಕೆಲಸ ಮುಗಿಸದೆ ಹೋದರೆ ಮ್ಯಾಜಿಸ್ಟ್ರೇಟರು ಅವನಿಂದ ಹಣ ವಾಪಸು ಕೊಡಿಸಬಹುದು, ಇಲ್ಲವೇ ಕೆಲಸಕ್ಕೆ ಹಚ್ಚಬಹುದು. ಎರಡಕ್ಕೂ ಒಪ್ಪದಿದ್ದರೆ ಮೂರು ತಿಂಗಳವರೆಗೆ ಜೈಲು. ಮೊದಲು ಅದು ಹುಟ್ಟಿದ್ದು ದೊಡ್ಡ ಪಟ್ಟಣಗಳ ಕಸಬುದಾರರನ್ನು ಹಿಡಿದಿಡಲು. ಬೇಗನೆ ದಕ್ಷಿಣದ ಕಾಫಿ ತೋಟಗಳ ಸಾಹೇಬರ ಕೈಗೆ ಸಿಕ್ಕಿತು. ತೋಟದವನು ಮೇಸ್ತ್ರಿಗೆ ಮುಂಗಡ ಕೊಡುತ್ತಾನೆ, ಮೇಸ್ತ್ರಿ ಆಳುಗಳಿಗೆ ಹಂಚುತ್ತಾನೆ, ಓಡಿಹೋದವನನ್ನು ಹಿಡಿದು ತರಲು ಸರ್ಕಾರವೇ ಇದೆ. ಶಿವರಾಮ ಕಾರಂತರ ಚೋಮ ತನ್ನ ಮಕ್ಕಳನ್ನು ಘಟ್ಟದ ಕಾಫಿ ತೋಟಕ್ಕೆ ಕಳಿಸಿದ್ದು ಇಂಥದೇ ಸಾಲ ತೀರಿಸಲು. ಆ ಕಾಯ್ದೆ ರದ್ದಾದದ್ದು 1925ರಲ್ಲಿ. ಅಂದರೆ ಸುಮಾರು ಅರವತ್ತಾರು ವರ್ಷ ಮುಂಗಡದ ಹಿಂದೆ ಲಾಠಿ ನಿಂತಿತ್ತು. ಇವತ್ತಿಗೂ ನಮ್ಮ ತಾಂಡಾದ ಮುದುಕರು "ಅಡ್ವಾನ್ಸ್ ತಗೊಂಡು ಹೋಗದಿದ್ರ ಪೊಲೀಸ್ರು ಹಿಡೀತಾರ" ಎನ್ನುವಾಗ, ಯಾರೂ ಕಲಿಸದೆ ಉಳಿದುಬಂದ ಆ ಹಳೆಯ ಹೆದರಿಕೆಯೇ ನನಗೆ ಕೇಳಿಸುತ್ತದೆ.

ಆ ಮುಂಗಡಕ್ಕೆ ಕೈ ಚಾಚುವಂತೆ ಮಾಡುತ್ತಿದ್ದುದು ಬರ. ಈ ನೆಲಕ್ಕೆ ಬರ ಹೊಸದಲ್ಲ. 1876ರಿಂದ 78ರ ಧಾತು–ಈಶ್ವರ ಬರದಲ್ಲಿ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ಸಾವು ಕಂಡ ಕಡೆಗಳಲ್ಲಿ ಒಂದು. ಪರಿಹಾರ ಕಾಮಗಾರಿಯಲ್ಲಿ ಗುಂಡಿ ತೋಡಿದವನಿಗೆ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕ ಕಟ್ಟಿದ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಅದು ಸಾಲದೆಂದು ಜಗಳ ತೆಗೆದ. ತುಂಗಭದ್ರಾ ಅಣೆಕಟ್ಟು ಕಟ್ಟಿದ ಮೇಲೂ ಕಾಲುವೆಯ ನೀರು ಕೂಡ್ಲಿಗಿಯ ಮಟ್ಟಿಗಳನ್ನು ಹತ್ತಲಿಲ್ಲ. ಮಳೆ ಕೈಕೊಟ್ಟ ವರ್ಷ ಸಾಲ, ಸಾಲದ ಮರುವರ್ಷ ಮಗ ಧಣಿಯ ಮನೆಗೆ.

ನನ್ನಪ್ಪನನ್ನು ಬಿಟ್ಟುಬಂದ 1942ಕ್ಕೆ ಒಂಬತ್ತು ವರ್ಷ ಮುಂಚೆಯೇ, 1933ರಲ್ಲಿ, ಮಕ್ಕಳ ದುಡಿಮೆಯನ್ನು ಒತ್ತೆಯಿಡುವುದು ಅಪರಾಧವೆಂಬ ಕಾಯ್ದೆ ಬಂದಿತ್ತು. ಒತ್ತೆಯಿಟ್ಟ ತಂದೆಗೆ ಐವತ್ತು ರೂಪಾಯಿವರೆಗೆ ದಂಡ, ಇಟ್ಟುಕೊಂಡವನಿಗೆ ಇನ್ನೂರರವರೆಗೆ. ಅಜ್ಜ ಅದನ್ನು ಕೇಳಿಯೂ ಇರಲಿಲ್ಲ. ಧಣಿ ಕೇಳಿದ್ದನೋ ಏನೋ.

1975ರ ಅಕ್ಟೋಬರ್ ಕೊನೆ ನನಗೆ ಚೆನ್ನಾಗಿ ನೆನಪಿದೆ. ನಾನು ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದುತ್ತಿದ್ದೆ. ಜೀತ ಪದ್ಧತಿ ರದ್ದಾಯಿತು, ಅಕ್ಟೋಬರ್ 24ರಂದು ಸುಗ್ರೀವಾಜ್ಞೆ ಹೊರಟಿತು ಎಂದು ಪತ್ರಿಕೆಯಲ್ಲಿ ಬಂತು. ದೇವರಾಜ ಅರಸರ ಸರ್ಕಾರ ಆಗಲೇ ಉಳುವವನಿಗೆ ಭೂಮಿ ಎಂದು ಹೊರಟಿತ್ತು. ನಾನು ದೀಪಾವಳಿಗೆ ಊರಿಗೆ ಹೋದಾಗ ಆ ಪತ್ರಿಕೆಯನ್ನು ಮಡಚಿ ಅಂಗಿಯೊಳಗಿಟ್ಟುಕೊಂಡು ಹೋದೆ, ಕೊಟ್ಟಿಗೆಯಲ್ಲಿ ಕಂದೀಲಿನ ಬೆಳಕಿಗೆ ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಕೇಳಿಸಿಕೊಂಡು, "ಅದು ಜೀತಕ್ಕಿದ್ದೋರಿಗಪ್ಪಾ. ನಾನು ಸಂಬಳಕ್ಕದೀನಿ" ಎಂದ.

ಮರುವರ್ಷ ಅದು ಕಾಯ್ದೆಯಾಯಿತು. ಊರಲ್ಲಿ ಡಂಗುರ ಸಾರಿದರು. ಅಧಿಕಾರಿಗಳು ಜೀಪಿನಲ್ಲಿ ಬಂದು ಧಣಿಯ ಕಟ್ಟೆಯ ಮೇಲೆಯೇ ಕೂತು ಚಹಾ ಕುಡಿದರು. ಅಪ್ಪನನ್ನು ಕರೆಸಿದರು. ಧಣಿ ಪಕ್ಕದಲ್ಲೇ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಕೇಳಿದರು: "ಏನಪ್ಪಾ, ನಿನ್ನ ಇಲ್ಲಿ ಜೀತಕ್ಕಿಟ್ಟಾರೇನು?" ಅಪ್ಪ ಹೇಳಿದ್ದು: "ಇಲ್ರಿ ಸಾಹೇಬ್ರ, ಮನಿ ಮಗನಂಗ ಅದೀನಿ." ಅವರು ಬರೆದುಕೊಂಡು ಹೋದರು. ಕರ್ನಾಟಕದಲ್ಲಿ ಗುರುತಿಸಿ ಬಿಡುಗಡೆ ಮಾಡಿದ ಜೀತದಾಳುಗಳೆಂದು ಸರ್ಕಾರ ಬಹುಕಾಲ ಹೇಳುತ್ತ ಬಂದ ಸಂಖ್ಯೆ 63,437. ಅದರಲ್ಲಿ ನನ್ನಪ್ಪ ಇಲ್ಲ. ಆ ದಿನಗಳಲ್ಲೇ ಗಾಂಧಿ ಶಾಂತಿ ಪ್ರತಿಷ್ಠಾನ ಹತ್ತು ರಾಜ್ಯಗಳಲ್ಲಿ ಸಮೀಕ್ಷೆ ಮಾಡಿ ಸುಮಾರು 26 ಲಕ್ಷ ಜೀತದಾಳುಗಳಿದ್ದಾರೆಂದು ಅಂದಾಜು ಕೊಟ್ಟಿತು. ಸರ್ಕಾರದ ಲೆಕ್ಕ ಎಲ್ಲೂ ಅದರ ಹತ್ತಿರಕ್ಕೆ ಬರಲಿಲ್ಲ. ಏಕೆಂದು ಯಾರಾದರೂ ಕೇಳಿದರೆ ನನಗೆ ಆ ಕಟ್ಟೆ, ಆ ಚಹಾ, ಆ ಪ್ರಶ್ನೆ ಕಣ್ಮುಂದೆ ಬರುತ್ತವೆ.

1982ರಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು. ಅಪ್ಪನನ್ನು ಕರೆದುಕೊಂಡು ಬರಲು ಹೋದೆ. ಪುಸ್ತಕ ಬಿಚ್ಚಿದರು. ನಲವತ್ತು ವರ್ಷ ದುಡಿದ ಮೇಲೂ ಸಾವಿರದ ನೂರು ರೂಪಾಯಿ ಉಳಿದಿತ್ತು. ಮೂರು ತಿಂಗಳ ಸಂಬಳ ಕೂಡಿಸಿ ಕೊಟ್ಟು, ನಮಸ್ಕಾರ ಮಾಡಿ ಬಂದೆ. 1976ರ ಕಾಯ್ದೆಯನ್ನು ನಾನು ಪೂರ್ತಿ ಓದಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಜೀತದ ಸಾಲ ಕಾಯ್ದೆ ಬಂದ ದಿನವೇ ಸತ್ತಿದೆ. ಸತ್ತ ಸಾಲಕ್ಕೆ ಹಣ ಪಡೆಯುವುದೇ ಅಪರಾಧ, ಮೂರು ವರ್ಷದವರೆಗೆ ಸಜೆ ಎಂದು 9ನೇ ಕಲಮು ಹೇಳುತ್ತದೆ. ಸಾಲ ಇರಲಿಲ್ಲ ಎಂದು ತೋರಿಸುವ ಭಾರ ಆಳಿನದಲ್ಲ, ಅದು ಜೀತದ ಸಾಲವಲ್ಲವೆಂದು ಸಾಬೀತು ಮಾಡುವ ಭಾರ ಕೊಟ್ಟವನದು ಎಂದು 15ನೇ ಕಲಮು. ಓದು ಬರುವ ಮಗನಿದ್ದೂ ಅಪ್ಪನ ಬಿಡುಗಡೆಯನ್ನು ದುಡ್ಡು ಕೊಟ್ಟು ಕೊಂಡುಕೊಂಡೆವು. ಇದನ್ನು ಸಭೆಗಳಲ್ಲಿ ಹೇಳುವಾಗ ಈಗಲೂ ಗಂಟಲು ಕಟ್ಟುತ್ತದೆ.

ನಾನು ಆ ಹಣ ಕೊಟ್ಟ ವರ್ಷವೇ ದಿಲ್ಲಿಯಲ್ಲಿ ಬೇರೊಂದು ಲೆಕ್ಕ ನಡೆದಿತ್ತು. ಏಷ್ಯನ್ ಕ್ರೀಡಾಕೂಟಕ್ಕೆ ಕ್ರೀಡಾಂಗಣ ಕಟ್ಟುತ್ತಿದ್ದ ಕೂಲಿಗಳಿಗೆ ದಿನಕ್ಕೆ 9 ರೂಪಾಯಿ 25 ಪೈಸೆ ಸಿಗಬೇಕಿತ್ತು. ಜಮಾದಾರರು ಒಂದು ರೂಪಾಯಿ ಮುರಿದುಕೊಂಡು 8.25 ಕೊಡುತ್ತಿದ್ದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಭಗವತಿಯವರು, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ, ಹಸಿವು ಬಡತನ ದೂಡಿದರೂ ಅದು ಬಲವಂತವೇ ಎಂದು ತೀರ್ಪು ಕೊಟ್ಟರು. ಮರುವರ್ಷ ಫರೀದಾಬಾದಿನ ಕಲ್ಲು ಗಣಿಗಳ ಮೊಕದ್ದಮೆಯಲ್ಲಿ, ಬಲವಂತದ ದುಡಿಮೆ ಕಂಡರೆ ಅದರ ಹಿಂದೆ ಮುಂಗಡವಿದೆ ಎಂದೇ ಭಾವಿಸಬೇಕು, ಪತ್ರ ತೋರಿಸು ಎಂದು ಆಳನ್ನು ಕೇಳಬಾರದು ಎಂದರು. ನಮ್ಮ ಜೀಪಿನ ಸಾಹೇಬರು ಏಳು ವರ್ಷ ಮೊದಲು ಇದನ್ನು ತಿಳಿದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ನಾನು ಮೇಷ್ಟ್ರಾದ ಮೇಲೆ ಕೊಟ್ಟಿಗೆಯ ಜೀತ ಕಣ್ಣೆದುರೇ ಕಡಿಮೆಯಾಯಿತು. ಅದರ ಜಾಗಕ್ಕೆ ಬಂದದ್ದನ್ನು ನಾನು ಮೊದಲು ಕಂಡದ್ದು ಹಾಜರಿ ಪುಸ್ತಕದಲ್ಲಿ. ದೀಪಾವಳಿ ಮುಗಿದು ಶಾಲೆ ತೆರೆದರೆ ತಾಂಡಾದ ಮಕ್ಕಳ ಹೆಸರಿನ ಮುಂದೆ ಗೈರು, ಗೈರು, ಗೈರು. ಕಬ್ಬು ಕಡಿಯಲು ಮಂಡ್ಯಕ್ಕೆ, ಕಾಫಿ ಹಣ್ಣು ಬಿಡಿಸಲು ಚಿಕ್ಕಮಗಳೂರಿನ ಕಡೆಗೆ ಮನೆಗಳಿಗೆ ಬೀಗ ಬೀಳುತ್ತಿತ್ತು. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಎಲ್ಲ ಕಡೆಯ ತಾಂಡಾಗಳದ್ದೂ ಇದೇ ಕತೆ. ಗುಳೆ ಎಲ್ಲವೂ ಜೀತವಲ್ಲ. ದುಡಿದು ಬಂದು ಮನೆಗೆ ಶೀಟು ಹಾಕಿಸಿದವರು, ಮಗಳನ್ನು ಓದಿಸಿದವರು ನನಗೆ ಗೊತ್ತು. ಆದರೆ ದಸರೆಯ ಹೊತ್ತಿಗೆ ಮೇಸ್ತ್ರಿ ತಾಂಡಾಕ್ಕೆ ಬಂದು ಗಂಡ ಹೆಂಡತಿ ಜೋಡಿಗೆ ಇಷ್ಟೆಂದು ಮುಂಗಡ ಕೊಟ್ಟು, ಹಂಗಾಮು ಮುಗಿದಾಗ ಟನ್ನಿನ ಲೆಕ್ಕದಲ್ಲಿ ಅದು ತೀರದೆ, ಉಳಿದ ಬಾಕಿಗೆ ಮರುವರ್ಷವೂ ಅದೇ ಗದ್ದೆಗೇ ಹೋಗಬೇಕಾದರೆ, ಅದು ನನ್ನಪ್ಪನ ಯುಗಾದಿಯಲ್ಲದೆ ಮತ್ತೇನು? ರಾಜ್ಯ ದಾಟಿ ಹೋದ ಕೂಲಿಗಳಿಗೆ ಪಾಸ್‌ಬುಕ್ ಕೊಡಬೇಕು, ಅದರಲ್ಲಿ ಕೂಲಿ, ಕಡಿತ ಎಲ್ಲ ಬರೆಯಬೇಕು ಎಂದು 1979ರ ಕಾಯ್ದೆ ಹೇಳಿತು. ನಮ್ಮವರು ಹೋದದ್ದು ಕೂಡ್ಲಿಗಿಯಿಂದ ಮಂಡ್ಯಕ್ಕೆ. ರಾಜ್ಯ ದಾಟಲಿಲ್ಲವಾಗಿ ಪಾಸ್‌ಬುಕ್ಕಿಲ್ಲ. ಲೆಕ್ಕ ಮತ್ತೆ ಮೇಸ್ತ್ರಿಯ ಚೀಟಿಯಲ್ಲೇ ಉಳಿಯಿತು.

ಆಮೇಲೆ ಅದಿರಿನ ವರ್ಷಗಳು ಬಂದವು. 2003ರ ನಂತರ ಚೀನಾಕ್ಕೆ ಅದಿರು ಹೋಗತೊಡಗಿತು, ಸಂಡೂರು ಹೊಸಪೇಟೆಯ ರಸ್ತೆಗಳಲ್ಲಿ ಲಾರಿಗಳ ಸಾಲು ತುಂಡಾಗುತ್ತಿರಲಿಲ್ಲ. ನನ್ನ ಐದನೇ ತರಗತಿಯ ಇಬ್ಬರು ಹುಡುಗರು ಶಾಲೆ ಬಿಟ್ಟದ್ದು ಏಕೆಂದು ಹುಡುಕಿಕೊಂಡು ಹೋದರೆ, ರಸ್ತೆ ಬದಿಯ ಒಂದು ಹೊಲದಲ್ಲಿ ಅವ್ವನ ಜೊತೆ ಸುತ್ತಿಗೆಯಿಂದ ಅದಿರು ಕುಟ್ಟುತ್ತ ಕೂತಿದ್ದರು. ರೆಪ್ಪೆಯೂ ಕೆಂಪಾಗಿತ್ತು. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಊರೂರಲ್ಲಿ ಚರ್ಚೆಯಾದದ್ದು ಎಷ್ಟು ಕೋಟಿಯ ಅದಿರು ಹೋಯಿತೆಂದು. ಕುಟ್ಟಿದ ಕೈಗಳ ಲೆಕ್ಕವನ್ನು ಕೇಳಿದವರು ಕಡಿಮೆ.

ಹಾಜರಿ ಪುಸ್ತಕದಂತೆಯೇ ದಾಖಲಾತಿ ಪುಸ್ತಕವೂ ಮಾತಾಡುತ್ತದೆ. 'ತಂದೆಯ ಹೆಸರು' ಎಂಬ ಕಲಮಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ ನಿಂತ ತಾಯಂದಿರನ್ನು ಈ ತಾಲ್ಲೂಕುಗಳ ಪ್ರತಿ ಮೇಷ್ಟ್ರೂ ಕಂಡಿದ್ದಾನೆ. ಮದ್ರಾಸ್ ಸರ್ಕಾರ ದೇವದಾಸಿ ಬಿಡುವುದನ್ನು 1947ರಲ್ಲೇ ನಿಷೇಧಿಸಿತ್ತು. ನಾವು ಆಗ ಮದ್ರಾಸಿನವರಾದ್ದರಿಂದ ಆ ಕಾನೂನು ಇಲ್ಲಿಗೂ ಅನ್ವಯಿಸುತ್ತಿತ್ತು. ಕರ್ನಾಟಕ ಮತ್ತೆ 1982ರಲ್ಲಿ ಕಾಯ್ದೆ ಮಾಡಿತು. 1993–94 ಮತ್ತು 2007–08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಾದವರು ಒಟ್ಟು 46,660 ಮಂದಿ. ಉಚ್ಚಂಗಿದುರ್ಗದ ಭರತ ಹುಣ್ಣಿಮೆಗೆ ಈಗ ಪೊಲೀಸರು ಕಾವಲಿರುತ್ತಾರೆ. ದೇವರಿಗೆ ಬಿಡಲು ಮುತ್ತು ಕಟ್ಟುವುದನ್ನು ತಡೆದರಷ್ಟೇ ಸಾಲದು. ಮುತ್ತು ಕಟ್ಟಿಸಿಕೊಂಡವಳ ಮನೆಯಲ್ಲಿ ಕಾಯಿಲೆ ಬಂದರೆ ಸಾಲ ಕೊಡುವವನು ಯಾರು, ಆ ಸಾಲಕ್ಕೆ ಎಲ್ಲಿಗೆ ಹೋಗುತ್ತಾನೆ ಅವಳ ಮಗ ಎಂದು ಕೇಳಬೇಕು. ನನ್ನ ಶಾಲೆಯಿಂದ ಹಾಗೆ ಹೋದವರು ಹಲವರು.

ಈಗ ಹೊರಗಿನ ಜಗತ್ತೂ ಕೇಳತೊಡಗಿದೆ. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಕರ್ನಾಟಕದ್ದು. ಬಹುಪಾಲು ಹೊರದೇಶಕ್ಕೆ, ಅದರಲ್ಲೂ ಇಟಲಿಗೆ ಹೋಗುತ್ತದೆ. ಬಲವಂತದ ದುಡಿಮೆಯಿಂದಾದ ಸರಕನ್ನು ಮಾರುಕಟ್ಟೆಗೆ ಬಿಡುವುದಿಲ್ಲ ಎಂಬ ನಿಯಮವನ್ನು ಯುರೋಪಿನ ಒಕ್ಕೂಟ 2024ರಲ್ಲಿ ಮಾಡಿದೆ, 2027ರ ಡಿಸೆಂಬರಿನಿಂದ ಅದು ಜಾರಿ. ಹಾಗಾಗಿ ಖರೀದಿ ಕಂಪನಿಗಳಿಂದಲೂ ತಪಾಸಣೆಗೆ ಜನ ಬರುತ್ತಾರೆ. ಅವರ ಕೈಯಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಹನ್ನೊಂದು ಲಕ್ಷಣಗಳ ಪಟ್ಟಿ ಇರುತ್ತದೆ. ಒಳ್ಳೆಯ ಪಟ್ಟಿಯೇ. ಆದರೆ ತೋಟದ ಆಫೀಸಿನಲ್ಲಿ, ರೈಟರು ಪಕ್ಕದಲ್ಲಿರುವಾಗ, "ನಿಮ್ಮನ್ನು ಬಲವಂತವಾಗಿ ಕರೆತಂದರಾ?" ಎಂದು ಕೇಳಿದರೆ ಬರುವ ಉತ್ತರ ನನಗೆ 1976ರಿಂದಲೂ ಗೊತ್ತು.

ಅದಕ್ಕೇ ಸಾಮರ್ಥ್ಯ ಸೌಧದಲ್ಲಿ ನಾನು ಮೊದಲು ಪ್ರಶ್ನೆಗಳನ್ನು ಬದಲಿಸುತ್ತೇನೆ. ಜೀತ ಅನ್ನಬೇಡಿ. ಮನೆಗೆ ಹೋಗಿ, ನೆಲದ ಮೇಲೆ ಕೂಡಿ, ಗಂಡಸರು ಹೊರಗಿದ್ದಾಗ ಹೆಣ್ಣುಮಕ್ಕಳನ್ನು ಕೇಳಿ. "ಯವ್ವಾ, ಹೋದ ಸಲದ್ದು ಎಷ್ಟು ಉಳಿದೈತಿ? ಲೆಕ್ಕದ ಚೀಟಿ ಯಾರ ಹತ್ರ ಐತಿ? ಊರಾಗ ಸಾವಾದ್ರ ಯಾರನ್ನ ಕೇಳಿ ಬರಬೇಕು? ನಿನ್ನ ಕೂಲಿ ನಿನ್ನ ಕೈಗೇ ಕೊಡ್ತಾರೇನು? ಆಧಾರ್ ಕಾರ್ಡು ಎಲ್ಲೈತಿ?" ಒಮ್ಮೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಮೇಸ್ತ್ರಿ ಎದ್ದು, "ಮೇಷ್ಟ್ರೇ, ನನಗೂ ಅದನ್ನ ಕೇಳ್ರಿ. ನನ್ನ ಮ್ಯಾಲೆ ನಾಲ್ಕು ಲಕ್ಷ ಐತಿ. ಮಂದಿ ತರದಿದ್ರ ನನ್ನ ಟ್ರ್ಯಾಕ್ಟರ್ ಹೋಗ್ತೈತಿ" ಎಂದ. ಸಭೆ ಸುಮ್ಮನಾಯಿತು. ಆ ದಿನ ಅವನೇ ಬೋರ್ಡಿನ ಮೇಲೆ ಗೆರೆ ಹಾಕಿ, ಹಣ ಯಾವ ಕೈಯಿಂದ ಯಾವ ಕೈಗೆ ಬರುತ್ತದೆ, ಎಲ್ಲೆಲ್ಲಿ ಮುರಿದುಕೊಳ್ಳುತ್ತಾರೆ ಎಂದು ತೋರಿಸಿದ. ಅಷ್ಟು ಒಳ್ಳೆಯ ಪಾಠವನ್ನು ನಾನು ಮಾಡಿಲ್ಲ.

ಗುರುತು ಹಿಡಿದ ಮೇಲಿನ ಕೆಲಸ ಇನ್ನೂ ಕಷ್ಟ. ಕಾಯ್ದೆಯ 13ನೇ ಕಲಮಿನ ಪ್ರಕಾರ ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತ ಸಮಿತಿ ಇರಬೇಕು, ಪರಿಶಿಷ್ಟ ಜಾತಿ ಪಂಗಡದ ಮೂವರು ಅದರಲ್ಲಿರಬೇಕು. ಬಿಡುಗಡೆ ಪತ್ರ ಕೈಗೆ ಸಿಗದಿದ್ದರೆ ಪುನರ್ವಸತಿ ಇಲ್ಲ. ಆ ನೆರವು 1978ರಲ್ಲಿ 4,000 ರೂಪಾಯಿ ಇದ್ದದ್ದು 2016ರಿಂದ ಗಂಡಸಿಗೆ 1 ಲಕ್ಷ, ಹೆಂಗಸು ಮಕ್ಕಳಿಗೆ 2 ಲಕ್ಷ, ಅತಿ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ. ಪೂರ್ತಿ ಹಣ ಸಿಗಬೇಕಾದರೆ ದುಡಿಸಿದವನಿಗೆ ಶಿಕ್ಷೆಯಾಗಬೇಕು ಎಂಬ ಷರತ್ತು ಆಗಲೇ ಸೇರಿಕೊಂಡಿತು. ಮೊಕದ್ದಮೆ ಮುಗಿಯುವವರೆಗೆ ಆ ಕುಟುಂಬ ಉಣ್ಣುವುದೇನನ್ನು? ಇದನ್ನು ಬರೆದವರು ಒಂದು ಬೇಸಿಗೆ ಕೂಡ್ಲಿಗಿಯಲ್ಲಿ ಕಳೆಯಬೇಕಿತ್ತು.

ಮೊನ್ನೆ ದೀಪಾವಳಿ ಕಳೆದ ವಾರ ಹರಪನಹಳ್ಳಿ ಕಡೆಯ ಒಂದು ತಾಂಡಾಕ್ಕೆ ಹೋಗಿದ್ದೆ. ನಮ್ಮ ತರಬೇತಿಗೆ ಬಂದಿದ್ದ ಒಬ್ಬ ಪಿಡಿಒ, ಇನ್ನೂ ಮದುವೆಯಾಗದ ಹುಡುಗಿ, ಫೋನು ಮಾಡಿ ಕರೆಸಿಕೊಂಡಿದ್ದಳು. ಲಾರಿ ನಿಂತಿತ್ತು. ಪಾತ್ರೆ, ಹಾಸಿಗೆ, ಕೋಳಿ ಬುಟ್ಟಿ ಏರುತ್ತಿದ್ದವು. ಆಕೆ ಒಂದು ಗುಡಿಸಲಿನ ಮುಂದೆ ಕೂತು ಅದೇ ಮಾತು ಕೇಳಿದಳು. ಒಳಗಿನ ಹೆಂಗಸು ಮೇಸ್ತ್ರಿಯ ಚೀಟಿ ತಂದು, ಆರನೇ ತರಗತಿಯ ಮಗಳ ಕೈಗೆ ಕೊಟ್ಟು, "ಓದವ್ವಾ" ಎಂದಳು. ಹುಡುಗಿ ಓದಿದಳು: ನಲವತ್ತೊಂದು ಲೋಡು, ಹಿಂದಿನ ಬಾಕಿ ಇಷ್ಟು. ತಾಯಿ ಏನೂ ಅನ್ನದೆ ಮೂಲೆಯ ಗಡಿಗೆಯಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಹುಣಸೆಬೀಜ. ಒಂದು ಲೋಡು ತುಂಬಿದ ದಿನ ಒಂದು ಬೀಜ ಎಂದು ಹಾಕುತ್ತ ಬಂದಿದ್ದಳಂತೆ. ಪಿಡಿಒ ಅವುಗಳನ್ನು ನೆಲದ ಮೇಲೆ ಹತ್ತು ಹತ್ತಾಗಿ ಜೋಡಿಸಿದಳು. ನಾಲ್ಕು ಸಾಲು, ಮೇಲೆ ಎಂಟು. ಚೀಟಿಯನ್ನೂ ಬೀಜಗಳನ್ನೂ ಒಟ್ಟಿಗಿಟ್ಟು ಫೋಟೋ ತೆಗೆದಳು. ಲಾರಿಯವನು ಹಾರನ್ ಹೊಡೆಯುತ್ತಿದ್ದ. ಆ ಹೆಂಗಸು ಏಳಲಿಲ್ಲ. "ಇನ್ನೊಂದ್ಸಲ ಎಣಿಸ್ರಿ" ಎಂದಳು.